ಹುಲಿಕುಂಟೆ ಕಾಡಿನಲ್ಲಿ ಗೌರಕ್ಕನ ಆರು ಗುಡಿಸಲು

ಮೂರನೆಯ ಗುಡಿಸಲಿನ ನೆತ್ತಿಯ ಮೇಲೆ ಗೌರಕ್ಕ ಕಾಲು ಇಳಿಬಿಟ್ಟು ಕೂತಿದ್ದಾರೆ. ಮೂಡಲು ಇನ್ನೂ ಬೂದಿಬಣ್ಣ. ಹಲ್ಲಿನಲ್ಲಿ ಕತ್ತಾಳೆ ನಾರಿನ ಎಳೆ ಕಚ್ಚಿಕೊಂಡಿದ್ದಾರೆ, ಸೊಂಟದಲ್ಲಿ ಕುಡುಗೋಲು, ಮಡಿಲಲ್ಲಿ ಒಂದು ಕಂತೆ ಬಾದೆಹುಲ್ಲು. ನಿನ್ನೆ ಸಂಜೆ ಕೋತಿಗಳು ಕಿತ್ತುಹಾಕಿದ ಜಾಗಕ್ಕೆ ಹೊಸ ಹುಲ್ಲು ತುರುಕಿ ಬಿಗಿಯುತ್ತಿದ್ದಾರೆ. ಅದೇ ಮಾಡಿನ ಕೆಳಗೆ ಸಿರಾ ಪೇಟೆಯ ಜವಳಿ ಅಂಗಡಿಯವರ ಸಂಸಾರ, ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ, ಸುಖವಾಗಿ ನಿದ್ದೆ ಮಾಡುತ್ತಿದೆ. ಒಬ್ಬರಿಗೂ ಎಚ್ಚರವಿಲ್ಲ.

"ಅವರು ಏಳಾದ್ರೊಳ್ಗೆ ನಾನು ಇಳಿದ್ಬುಡ್ಬೇಕು," ಎಂದು ಗೌರಕ್ಕ ಪಿಸುಗುಟ್ಟುತ್ತಾರೆ. "ಕಣ್ಣು ಬುಟ್ಟಾಗ ತಲೆ ಮ್ಯಾಲೆ ಹೆಂಗಸು ಕೂತವ್ಳೆ ಅಂದ್ರೆ ಹೆದರ್ಕಳಾಕಿಲ್ವಾ?"

ಗಂಟು ಹಾಕಿ ಮುಗಿಸಿ, ಏಣಿ ಇಳಿದು, ಸೀರೆಗೆ ಅಂಟಿದ ಹುಲ್ಲಿನ ಚೂರನ್ನು ಒಂದೊಂದಾಗಿ ಬಿಡಿಸಿ ಎಸೆದ ಮೇಲೆಯೇ ಅವರು ಒಲೆಯ ಕಡೆ ನಡೆಯುತ್ತಾರೆ. ಒಲೆಗಳು ಗುಡಿಸಲುಗಳಿಂದ ಅರವತ್ತು ಹೆಜ್ಜೆ ದೂರ, ಬಂಡೆಯ ಮರೆಗೆ. ಅಲ್ಲಿ ಸೊಸೆ ನಾಗಕ್ಕ ಆಗಲೇ ಎರಡು ಹಂಡೆಗೆ ಉರಿ ಹಾಕಿದ್ದಾಳೆ. ಬಿಸಿಲು ಕಮರದ ಮರಗಳ ತುದಿ ಮುಟ್ಟುವ ಹೊತ್ತಿಗೆ ಅಂಗಡಿಯವರ ಅಜ್ಜಿ ಹೊರಬಂದು, "ನೀರು ಕಾದೈತೇನೇ ಗೌರಿ?" ಎನ್ನುತ್ತಾರೆ. ನೀರು ಕಾದಿದೆ.

ಸಿರಾದಿಂದ ಹುಲಿಕುಂಟೆಯವರೆಗೆ ಮೋಟಾರು ಬರುತ್ತದೆ. ಅಲ್ಲಿಂದ ಎರಡು ಮೈಲಿ ಗಾಡಿದಾರಿ. ಕುರುಚಲು ಕಾಡು ಹೊಕ್ಕು, ಒಂದು ಒಣ ಹಳ್ಳ ದಾಟಿದರೆ, ಆನೆ ಮಲಗಿದಂತಹ ಬಂಡೆಯ ಸುತ್ತ ಆರು ಹುಲ್ಲು ಗುಡಿಸಲು ಕಾಣುತ್ತವೆ. ಕಾರ್ತಿಕದಿಂದ ಶಿವರಾತ್ರಿಯವರೆಗೆ ಇವು ಖಾಲಿ ಇರುವುದು ಅಪರೂಪ. ಸಿರಾದ ವರ್ತಕರು, ಮಧುಗಿರಿಯ ಮೇಷ್ಟ್ರುಗಳು, ತುಮಕೂರಿನ ವಕೀಲರು ಮೂರು ದಿನ, ನಾಲ್ಕು ದಿನ ಇದ್ದು ಹೋಗುತ್ತಾರೆ. ಸಿರಾದ ಅತ್ತರು ಸಾಬರ ಮನೆಯವರು ಮೊದಲ ಸಲ ಬಂದಾಗ, ಗಾಳಿ ಸೇವನೆಗೆ ಎನ್ನುವುದನ್ನು ಉರ್ದು ಧಾಟಿಯಲ್ಲಿ "ಹವಾ ತಿನ್ನಾಕೆ ಬಂದೀವಿ" ಎಂದರಂತೆ. ಅಂದಿನಿಂದ ಗೌರಕ್ಕನ ಬಾಯಲ್ಲಿ ಬಂದವರೆಲ್ಲ 'ಹವಾ ತಿನ್ನೋರು'. ಅಡುಗೆ ಅವರವರದೇ. ಕೆಲವರು ಕುಡಿಯುವ ನೀರನ್ನೂ ತಾವೇ ಸೇದಿಕೊಳ್ಳುತ್ತಾರೆ, ಗೌರಕ್ಕ ಮುಟ್ಟಿದ್ದು ಆಗದು. ಅದಕ್ಕೆ ಆಕೆ ಬೇಜಾರು ಮಾಡಿಕೊಳ್ಳುವುದಿಲ್ಲ. "ಒಳ್ಳೇದೇ ಆಯ್ತು, ನಂಗೆ ನಾಕು ಕೊಡ ಉಳೀತು," ಎಂದು ನಗುತ್ತಾರೆ.

ಹೊರಬೇಕಾದ ಕೊಡಗಳು ಕಡಿಮೆಯೇನಲ್ಲ. ಜನ ತುಂಬಿದ ದಿನ ಅತ್ತೆ ಸೊಸೆ ಸೇರಿ ಮೂವತ್ತಾರು ಕೊಡ ನೀರು ಹೊರುತ್ತಾರೆ. ಬಾವಿ ಇರುವುದು ಅರ್ಧ ಮೈಲಿ ಆಚೆ. ಬೆಳಿಗ್ಗೆ ಸೌದೆ, ಮಧ್ಯಾಹ್ನ ನೆಲ ಸಾರಿಸುವುದು, ಸಂಜೆ ಹಾವು ಚೇಳು ನುಸುಳದಂತೆ ಗೋಡೆಯ ಬುಡವನ್ನೆಲ್ಲ ಕೋಲಿನಿಂದ ತಟ್ಟಿ ನೋಡುವುದು. ಒಂದು ಗುಡಿಸಲಿನ ಮಾಡಿಗೆ ನಲವತ್ತು ಹೊರೆ ಹುಲ್ಲು ಬೇಕು. ಹುಲ್ಲು ಒಣಗಿ ತೆನೆ ಉದುರಿದ ಮೇಲೆಯೇ ಕೊಯ್ಯಬೇಕು. ಹಸಿ ಇದ್ದರೆ ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ. ಗಂಡಸರು ಬಿದಿರು ಕಡಿದುಕೊಡುತ್ತಾರೆ, ಅಷ್ಟೇ. ಹೊದಿಸುವ ಕೈ ಗೌರಕ್ಕನದು.

ಆ ಕೈ ಕಲಿತದ್ದು ಬೇರೆ ಕಡೆ. ಗೌರಕ್ಕ ಗೊಲ್ಲರ ಹಟ್ಟಿಯವರು. ಹಟ್ಟಿಯ ಕಟ್ಟಳೆಯಂತೆ ಬಾಣಂತಿಯರು ಕೂಸಿನೊಂದಿಗೆ ಊರಾಚೆಯ ಸಣ್ಣ ಗುಡಿಸಲಲ್ಲಿ ಇರಬೇಕು. ಹದಿನೆಂಟರ ವಯಸ್ಸಿನಲ್ಲಿ ಮೊದಲ ಮಗ ಜುಂಜಪ್ಪನನ್ನು ಹೆತ್ತು ಅವರು ಅಲ್ಲಿದ್ದಾಗ ಆಶ್ವೀಜದ ಮಳೆ ಹಿಡಿಯಿತು. ಮಾಡು ಸೋರಿತು. ಮೂರು ದಿನ ಕೂಸನ್ನು ಹೊಟ್ಟೆಯಡಿ ಇಟ್ಟುಕೊಂಡು, ಬೆನ್ನನ್ನೇ ಮಾಡು ಮಾಡಿ ಬಗ್ಗಿ ಕೂತಿದ್ದರು. ಮಳೆ ನಿಂತ ಮರುದಿನ, ಹಸಿ ಮೈಯಲ್ಲೇ ಮಾಡಿನ ಮೇಲೆ ಹತ್ತಿದರು.

"ಅತ್ತೆ ಬೈದ್ಲು. ಬಾಣಂತಿ ಮಾಡು ಹತ್ತಾದುಂಟಾ ಅಂದ್ಲು. ಬಾಣಂತಿ ನೆನೆಯಾದುಂಟಾ ಅಂತ ನಾನಂದೆ. ಮೊದ್ಲು ತಪ್ಪುತಪ್ಪಾಗಿ ಹೊದ್ಸಿದೆ. ಬಿಚ್ಚಿದೆ, ಮತ್ತೆ ಹೊದ್ಸಿದೆ. ಹುಲ್ಲೇ ಹೇಳ್ಕೊಡ್ತದೆ ಕಣಪ್ಪ, ನೀರು ಯಾ ಕಡೀಕೆ ಹೋಯ್ತದೆ ಅಂತ."

ಈಗಲೂ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಗೌರಕ್ಕ ಮೊದಲು ಹೊದಿಸುವುದು ಹಟ್ಟಿಯಾಚೆಯ ಬಾಣಂತಿ ಗುಡಿಸಲನ್ನು. ಹವಾ ತಿನ್ನೋರ ಸರದಿ ಆಮೇಲೆ.

ಪೇಟೆಯವರು ಈ ಕಾಡಿಗೆ ಮೊದಲು ಬಂದದ್ದು ಹವಾ ತಿನ್ನಲು ಅಲ್ಲ, ಜೀವ ಉಳಿಸಿಕೊಳ್ಳಲು. ಇಪ್ಪತ್ತೆರಡು ವರ್ಷದ ಹಿಂದೆ ಪ್ಲೇಗು ಬಡಿದಾಗ ಸಿರಾದ ಮನೆಗಳಿಗೆ ಬೀಗ ಬಿತ್ತು. ಸ್ಕೂಲು ಮೇಷ್ಟ್ರು ಮಹಾಲಿಂಗಯ್ಯನವರು ಹೆಂಡತಿ ಮಕ್ಕಳನ್ನು ಗಾಡಿಗೆ ಹಾಕಿಕೊಂಡು ಹುಲಿಕುಂಟೆ ದಾಟಿ ಬಂದರು. ಹಟ್ಟಿಯವರು ಒಳಗೆ ಬಿಡಲು ಹೆದರಿದರು. ಗೌರಕ್ಕ ಈ ಬಂಡೆಯ ಬಳಿ ಅವರಿಗೊಂದು ಗುಡಿಸಲು ಕಟ್ಟಿಕೊಟ್ಟರು. ಮೂರು ತಿಂಗಳು ಆ ಸಂಸಾರ ಅಲ್ಲಿತ್ತು, ಒಬ್ಬರಿಗೂ ಏನೂ ಆಗಲಿಲ್ಲ. ಊರಿಗೆ ಮರಳಿದ ಮುಂದಿನ ವರ್ಷ ಕಾರ್ತಿಕದಲ್ಲಿ ಮೇಷ್ಟ್ರು ಮತ್ತೆ ಬಂದು ನಿಂತರು. "ಗೌರಕ್ಕ, ಪ್ಲೇಗಿಲ್ಲ. ಆದರೂ ನಾಲ್ಕು ದಿನ ಇದ್ದು ಹೋಗೋಣ ಅಂತ," ಎಂದರು. ಅವರ ಮಾತು ಕಿವಿಯಿಂದ ಕಿವಿಗೆ ಬಿದ್ದು, ಒಂದು ಗುಡಿಸಲು ಆರಾಯಿತು. ಕಾಡಿನ ಇಲಾಖೆಯವರು ವರ್ಷ ವರ್ಷ ಪರವಾನಗಿ ಬರೆದುಕೊಡತೊಡಗಿದರು.

ಗಂಡ ಕ್ಯಾತಪ್ಪನೂ ಮಗ ಜುಂಜಪ್ಪನೂ ವರ್ಷದ ಅರ್ಧ ಭಾಗ ಕುರಿ ಹಿಂದೆ ಊರೂರು ತಿರುಗುತ್ತಾರೆ. ಈ ವಾರ ಹಟ್ಟಿಯಲ್ಲಿರುವ ಕ್ಯಾತಪ್ಪ, ಕಂಬಳಿ ಹೆಗಲಿಗೇರಿಸಿಕೊಂಡು ಗುಡಿಸಲುಗಳ ಕಡೆ ಒಮ್ಮೆ ನೋಡಿ ಹೇಳುತ್ತಾರೆ: "ನಾನು ಕುರಿ ಕಾಯ್ತೀನಿ, ಇವ್ಳು ಪ್ಯಾಟೆ ಜನನ ಕಾಯ್ತಾಳೆ. ಕುರಿನೇ ವಾಸಿ. ಹೇಳಿದ್ ಮಾತು ಕೇಳ್ತಾವೆ."

ಹೇಳಿದ ಮಾತು ಎಂದರೆ ಒಂದೇ: ಗುಡಿಸಲೊಳಗೆ ಬೆಂಕಿ ಕೂಡದು. ಬೀಡಿಯಿಲ್ಲ, ಚುಟ್ಟವಿಲ್ಲ, ದೀಪವೂ ಇಲ್ಲ. ಲಾಟೀನನ್ನು ಹೊರಗಿನ ಕಲ್ಲುಕಂಬಕ್ಕೆ ನೇತುಹಾಕಬೇಕು. ಈ ನಿಯಮ ಹುಟ್ಟಿದ ಗುರುತು ಗೌರಕ್ಕನ ಎಡಗೈಯಲ್ಲಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ.

ಒಂಬತ್ತು ವರ್ಷದ ಹಿಂದಿನ ಮಧ್ಯಾಹ್ನ. ಯಾರೋ ಒಬ್ಬರು ಸೂರಿಗೆ ಸಿಕ್ಕಿಸಿದ ಬೀಡಿ ಆರಿರಲಿಲ್ಲ. ಮಹಾಲಿಂಗಯ್ಯನವರ ಮೊಮ್ಮಗಳು, ಐದು ವರ್ಷದ ಸರ್ವಮಂಗಳಾ, ಒಳಗೆ ಮಲಗಿದ್ದಳು. ಹೊಗೆ ಕಂಡು ಗೌರಕ್ಕ ಬಾವಿ ದಾರಿಯಲ್ಲೇ ಕೊಡ ಬಿಸಾಕಿ ಓಡಿದರು. ಅಷ್ಟರಲ್ಲಿ ಬಾಗಿಲ ಮೇಲಿನ ಮಾಡು ಧಗಧಗ ಉರಿಯುತ್ತಿತ್ತು. ಆಕೆ ಬಾಗಿಲಿಗೆ ಹೋಗಲಿಲ್ಲ. ಹಿಂಬದಿಯ ತಡಿಕೆಗೋಡೆಯನ್ನು ಕುಡುಗೋಲಿನಿಂದ ಸೀಳಿ, ಕೈ ಹಾಕಿ, ಹುಡುಗಿಯ ಲಂಗ ಹಿಡಿದು ಎಳೆದರು. ತಾನು ಕಟ್ಟಿದ ಗೋಡೆ, ಎಲ್ಲಿ ಸಡಿಲವೆಂದು ತನಗೆ ಗೊತ್ತಿತ್ತು.

"ಮಗಿಗೆ ಒಂದ್ ಕೂದ್ಲೂ ಸುಡ್ಲಿಲ್ಲ," ಎನ್ನುತ್ತಾರೆ. ತಮ್ಮ ಕೈಯ ಮಾತು ಎತ್ತುವುದಿಲ್ಲ.

ಕಳೆದ ಮಾಘದಲ್ಲಿ ಈ ನಿಯಮವೇ ಅವರ ಕೊರಳಿಗೆ ಬಂತು. ತುಮಕೂರಿನ ವಕೀಲ ಶಂಕರಲಿಂಗಪ್ಪನವರು ಮೊದಲ ಸಲ ಬಂದಿದ್ದರು. ಊಟವಾದ ಮೇಲೆ ಒಳಗೆ ಚಾಪೆಯ ಮೇಲೆ ಒರಗಿ ಚುಟ್ಟ ಹಚ್ಚಿದರು. ಗೌರಕ್ಕ ಬಾಗಿಲಲ್ಲಿ ನಿಂತು, "ಸ್ವಾಮಿ, ಆಚೆ ಬಂಡೆ ಮ್ಯಾಲೆ ಕುಂತ್ಕಂಡು ಸೇದಿ," ಎಂದರು.

"ನಾನು ಯಾರು ಗೊತ್ತೇನಮ್ಮ ನಿನಗೆ?"

"ಗೊತ್ತು ಸ್ವಾಮಿ. ಬೆಂಕಿಗೆ ಗೊತ್ತಿಲ್ವಲ್ಲ."

ವಕೀಲರು ಕದಲಲಿಲ್ಲ. ಇನ್ನೊಂದು ಸಲ ಎಳೆದು ಹೊಗೆ ಬಿಟ್ಟರು. ಗೌರಕ್ಕ ಒಳಗೆ ಕಾಲಿಟ್ಟು, ಅವರ ಬೆರಳ ಸಂದಿನಿಂದ ಚುಟ್ಟ ಕಿತ್ತು, ಹೊರಗೊಯ್ದು ನೀರಿನ ಬಾನಿಗೆ ಹಾಕಿದರು. ಅಂದೇ ಗಾಡಿ ಕಟ್ಟಿಸಿಕೊಂಡು ವಕೀಲರು ಹೊರಟುಹೋದರು. ವಾರದೊಳಗೆ ತಾಲ್ಲೂಕು ಕಚೇರಿಗೆ ಅರ್ಜಿ ಹೋಯಿತು: ಈ ಹೆಂಗಸು ಗೌರವಸ್ಥರ ಮೈಮೇಲೆ ಬೀಳುತ್ತಾಳೆ, ಗುಡಿಸಲುಗಳನ್ನು ಕೀಳಿಸಬೇಕು. ಹಟ್ಟಿಯ ಹಿರಿಯರು ಹೋಗಿ ಕಾಲು ಹಿಡಿ ಎಂದರು. ಸೊಸೆ ಅತ್ತಳು. ಇಪ್ಪತ್ತು ವರ್ಷದ ದುಡಿಮೆ ಒಂದು ಕಾಗದದಲ್ಲಿ ಹೋಗುವ ಹಾಗಿತ್ತು. "ಭಯ ಆಗ್ಲಿಲ್ಲ ಅಂದ್ರೆ ಸುಳ್ಳಾಯ್ತದೆ," ಎಂದು ಗೌರಕ್ಕ ಒಪ್ಪಿಕೊಳ್ಳುತ್ತಾರೆ. "ಎರಡು ದಿನ ಮುದ್ದೆ ಒಳಗೆ ಇಳೀಲಿಲ್ಲ. ಆದ್ರೆ ಕಾಲು ಹಿಡಿಯಾಕೆ ನಾನೇನು ತೆಪ್ಪು ಮಾಡಿದ್ದೆ?"

ತಾಲ್ಲೂಕಿನ ಅಮಲ್ದಾರರು ಖುದ್ದಾಗಿ ಕುದುರೆಯ ಮೇಲೆ ಬಂದರು. ಬಂಡೆಯ ಬಳಿ ಹಟ್ಟಿಯೆಲ್ಲ ನೆರೆದಿತ್ತು.

"ವಕೀಲರ ಬಾಯಿಂದ ಚುಟ್ಟ ಕಿತ್ತುಕೊಂಡೆಯಂತೆ, ನಿಜವೇ?"

"ಬಾಯಿಂದ ಅಲ್ಲ ಸ್ವಾಮಿ, ಕೈಯಿಂದ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅಮಲ್ದಾರರು ನಗಲಿಲ್ಲ. "ಯಾಕೆ?" ಎಂದರು.

ಗೌರಕ್ಕ ಹಳೆಯ ಮಾಡಿನಿಂದ ಒಂದು ಹಿಡಿ ಹುಲ್ಲು ಹಿರಿದು ತಂದು ಬರಿ ಬಂಡೆಯ ಮೇಲೆ ಇಟ್ಟರು. ಅಮಲ್ದಾರರ ಜೊತೆ ಬಂದಿದ್ದ ಜವಾನನಿಂದ ಒಂದು ಬೆಂಕಿಕಡ್ಡಿ ಕೇಳಿ ಪಡೆದು, ಗೀರಿ, ಮುಟ್ಟಿಸಿದರು. ಭುಗ್ಗೆಂದಿತು. ಅಮಲ್ದಾರರ ಕುದುರೆ ಬೆದರಿ ಹಿಂದೆ ಸರಿಯಿತು. ಐದು ಎಣಿಸುವಷ್ಟರಲ್ಲಿ ಬಂಡೆಯ ಮೇಲೆ ಕರಿ ಕಲೆಯೊಂದೇ ಉಳಿಯಿತು.

"ಇದು ಒಂದ್ ಹಿಡಿ ಸ್ವಾಮಿ," ಎಂದರು ಗೌರಕ್ಕ. "ಅವರ ತಲೆ ಮ್ಯಾಲೆ ನಲವತ್ತು ಹೊರೆ ಇತ್ತು. ಪಕ್ಕದ ಗುಡಿಸ್ಲಾಗೆ ಮೂರು ಮಕ್ಕಳು ಮಲಗಿದ್ವು."

ಅಮಲ್ದಾರರು ಕುದುರೆ ಇಳಿದರು. ಆಮೇಲೆ ಆರು ಗುಡಿಸಲನ್ನೂ ಒಂದೊಂದಾಗಿ ಹೊಕ್ಕು ಬಂದರು, ಮಾಡಿಗೆ ಕೈ ಹಾಕಿ ಎಳೆದು ನೋಡಿದರು, ಬಾವಿಯ ದೂರ ಕೇಳಿದರು. ಅರ್ಜಿ ವಜಾ ಆಯಿತು. ಅವರ ಶಿಫಾರಸಿನಂತೆ ಪರವಾನಗಿ ಒಂದು ವರ್ಷದ್ದು ಐದು ವರ್ಷಕ್ಕಾಯಿತು. ಗುಡಿಸಲೊಳಗೆ ಬೆಂಕಿ ಹಚ್ಚಿದವರು ಯಾರೇ ಆಗಲಿ ಅಂದೇ ಜಾಗ ಖಾಲಿ ಮಾಡತಕ್ಕದ್ದು ಎಂಬ ಹಲಗೆ ಈಗ ಗಾಡಿದಾರಿ ಬದಿಯ ಹುಣಸೆಮರದಲ್ಲಿದೆ. ಗೌರಕ್ಕನಿಗೆ ಓದು ಬಾರದು. ಬಂದವರಿಂದಲೇ ಅದನ್ನು ಗಟ್ಟಿಯಾಗಿ ಓದಿಸುತ್ತಾರೆ. "ನಾನು ಹೇಳಿದ್ರೆ ಗೌರಿ ಮಾತು. ಅವರೇ ಓದಿದ್ರೆ ಸರ್ಕಾರದ ಮಾತು."

ಈ ಮಾರ್ಗಶಿರದಲ್ಲಿ ವಕೀಲ ಶಂಕರಲಿಂಗಪ್ಪನವರು ಸಂಸಾರ ಸಮೇತ ಮತ್ತೆ ಬಂದಿದ್ದರು. ಗಾಡಿ ಇಳಿದವರೇ ಚುಟ್ಟದ ಪೆಟ್ಟಿಗೆಯನ್ನು ಗೌರಕ್ಕನ ಕೈಗೆ ಕೊಟ್ಟು, "ಎಲ್ಲಿ ಕೂರಬೇಕೋ ತೋರಿಸಮ್ಮ," ಎಂದರಂತೆ. ಆಕೆ ಬಂಡೆಯ ಮೇಲೆ ನೆರಳಿರುವ ಜಾಗ ತೋರಿಸಿ ಒಂದು ಚಾಪೆಯನ್ನೂ ಹಾಸಿಕೊಟ್ಟರು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗೌರಕ್ಕ ಮೊದಲ ಬಾರಿ ಕುಳಿತುಕೊಳ್ಳುತ್ತಾರೆ. ಮುದ್ದೆ, ಅವರೆಕಾಳು ಸಾರು. ನಿಮಗೇನು ಬೇಕು ಎಂದು ಕೇಳಿದರೆ ಹೆಂಚು ಬೇಡ, ಆಳು ಬೇಡ ಎನ್ನುತ್ತಾರೆ. ಆಮೇಲೆ ತುತ್ತು ಕೈಯಲ್ಲೇ ಹಿಡಿದು ಹೇಳುತ್ತಾರೆ:

"ಸಿರಾದೋರು ಬಂದಾಗೆಲ್ಲ ಅವರ ಕೆರೆ ಮಾತೇ ಆಡ್ತಾರೆ. ಕೋಡಿ ಬಿದ್ರೆ ಊರೆಲ್ಲ ಏರಿ ಮ್ಯಾಲೆ ಇರ್ತದಂತೆ, ನೀರಿನ ಸದ್ದು ಪ್ಯಾಟೆ ಬೀದೀಗೂ ಕೇಳ್ತದಂತೆ. ನಲವತ್ತೈದು ವರ್ಸ ಆತು, ನಾನು ನೋಡಿಲ್ಲ. ಸಂತೆಗೋದ್ರೂ ತಲೆ ಮ್ಯಾಲೆ ಹೊರೆ, ಕತ್ತು ತಿರುಗ್ಸಾಕಾಗಾಕಿಲ್ಲ. ಒಂದಿನ ಬರಿ ಕೈಯಾಗೆ ಹೋಗ್ಬೇಕು. ಏರಿ ಮ್ಯಾಲೆ ಕಾಲು ಚಾಚ್ಕಂಡು ಕುಂತ್ಕಬೇಕು, ಕಡ್ಲೆಪುರಿ ತಿನ್ಕಂಡು. ಅವರು ನಮ್ಮ ಹವಾ ತಿಂದವ್ರೆ, ಅವರ ಹವಾ ನಾನೂ ಒಂದಿನ ತಿನ್ಬಾರ್ದಾ?"

ಕೈ ತೊಳೆದು ಎದ್ದು, ಕೊಡ ಎತ್ತಿ ಸೊಂಟಕ್ಕಿಟ್ಟು ಎರಡು ಹೆಜ್ಜೆ ಹೋದವರು ತಿರುಗಿ ನಿಲ್ಲುತ್ತಾರೆ.

"ನಿಮ್ಮ ಪೇಪರ್ನಾಗೆ ಅಚ್ಚಾಕಿಸ್ಬುಡಿ. ಸಿರಾ ಕೆರೆ ಕೋಡಿ ಬಿದ್ದ ದಿನ ಯಾರೂ ಇಲ್ಲೀಗ್ ಬರಬ್ಯಾಡ್ರಿ. ಅವತ್ತು ಗೌರಕ್ಕ ಇರಾಕಿಲ್ಲ."