ಮುಯ್ಯಿಗೆ ಬಂದವಳ ಕೂಲಿ

ವೆಂಕಮ್ಮನಿಗೆ ಸಲ್ಲಬೇಕಾದ ಕೂಲಿ ಇನ್ನೂ ಸಂದಿಲ್ಲ. ಕೊಡಬೇಕಾದವಳು ಮಾಸ್ತಮ್ಮ. ದುಡ್ಡು ತಯಾರಿದೆ, ಕೊಡುವ ಮನಸ್ಸೂ ಇದೆ. ತೆಗೆದುಕೊಳ್ಳಬೇಕಾದವಳು ಕೈ ಚಾಚುತ್ತಿಲ್ಲ. ಕೂಲಿ ಕೊಡದ ಧಣಿಯ ಮನೆ ಮುಂದೆ ಕೂತು ಧಿಕ್ಕಾರ ಕೂಗಬಹುದು. ಕೂಲಿ ಒಲ್ಲೆ ಅನ್ನುವ ಗೆಳತಿಯ ಮನೆ ಮುಂದೆ ಕೂತು ಏನೆಂದು ಕೂಗುವುದು?

ಇಬ್ಬರೂ ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಮಗ್ಗುಲಿನ ಒಂದೇ ಕೇರಿಯವರು. ಮಾಸ್ತಮ್ಮನ ತವರು ಬ್ಯಾಕೋಡಿನ ಆಚೆ. ಅವಳು ಹುಟ್ಟುವ ಮೊದಲೇ ಅವಳ ಹಿರಿಯರ ಊರು ಅಣೆಕಟ್ಟಿನ ಹಿನ್ನೀರಿನ ಅಡಿಗೆ ಹೋಗಿತ್ತು. ಊರು ಬಿಡುವಾಗ ಅಪ್ಪ ಹೆಂಚು, ಕಂಬ, ನೇಗಿಲು ಎಂದು ಒದ್ದಾಡಿದರೆ ಅವ್ವ ಗಾಡಿಗೆ ಹೇರಿದ್ದು ಕೌದಿಗಳನ್ನು. ಹಾಸಲಿಕ್ಕೂ ಅವೇ, ಹೊದೆಯಲಿಕ್ಕೂ ಅವೇ, ಮನೆ ಕಟ್ಟುವ ತನಕ ಗೋಡೆಯೂ ಅವೇ. ಆ ಅವ್ವನ ಕೈಯಿಂದ ಮಾಸ್ತಮ್ಮನ ಕೈಗೆ ಸೂಜಿ ಬಂತು. ಹಳೆ ಸೀರೆಗಳನ್ನು ಒಗೆದು, ಒಣಗಿಸಿ, ಒಂದರ ಮೇಲೊಂದು ಪದರ ಹಾಸಿ, ಹೊರಗಿನ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಹೋಗುವುದು. ಗಟ್ಟಿ ಬಟ್ಟೆ ಮೇಲೆ ಕೆಳಗೆ, ಹರಕು ಹೊಟ್ಟೆಗೆ. ಕೊನೆಯ ಮೂಲೆ ಮುಚ್ಚುವ ಮುನ್ನ ನಾಲ್ಕು ಕಾಳು ಅಕ್ಕಿ ಹಾಕಿ ಹೊಲಿಯಬೇಕು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿಯುತ್ತಾರೆ ಎಂಬುದು ಅವ್ವನ ಮಾತು. ಅಕ್ಕಿಗೆ ಇಲಿ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಇಲಿ ಬರೋವಷ್ಟು ಅಕ್ಕಿ ನಮ್ಮನೇಲಿ ಎಲ್ಲಿತ್ತು ಬಾ" ಅಂದಿದ್ದಳಂತೆ.

ಮದುವೆಯಾಗಿ ಬಂದ ಮೇಲೂ ಸೂಜಿ ಬಿಡಲಿಲ್ಲ. ದಿಂಬಿನ ಚೀಲ, ಕೂಸಿನ ತೊಟ್ಟಿಲ ಬಟ್ಟೆ, ಮಾಸ್ತರ ಹೆಂಡತಿಯ ಸೀರೆಗೆ ಫಾಲ್ಸು, ಯಾರದೋ ರವಿಕೆಗೆ ಹುಕ್ಕು. ಕೊಟ್ಟರೆ ತೆಗೆದುಕೊಂಡಳು, ಮರೆತರೆ ಬಿಟ್ಟಳು. ಮುಳುಗಡೆಯವರ ಜಮೀನಿನ ಹಕ್ಕುಪತ್ರಕ್ಕಾಗಿ ಸಾಗರದಲ್ಲಿ ಧರಣಿ ನಡೆದಾಗ ತವರಿನವರ ಜೊತೆ ಪೆಂಡಾಲಿನಲ್ಲಿ ಕೂತವಳು ತೊಡೆಯ ಮೇಲೆ ಕೌದಿ ಹರಡಿಕೊಂಡೇ ಕೂತಿದ್ದಳು. ಪೊಲೀಸಿನವನು ಬಂದು, "ಎಂತಮ್ಮಾ ಇದು, ಧರಣಿಯಾ ಟೈಲರ್ ಅಂಗಡಿಯಾ?" ಅಂದ. "ನಿಮ್ಮ ಸಾಹೇಬ್ರು ಬರೋದ್ರೊಳಗೆ ಇದು ಮುಗೀತದೆ. ಬೇಕಾದ್ರೆ ಬಟ್ಟೆ ತಂದ್ಕೊಡಿ, ನಿಮಗೂ ಒಂದು ಹಾಕ್ತೀನಿ" ಅಂದಳು. ಸಾಹೇಬರು ಬಂದದ್ದು ಕೌದಿ ಮುಗಿದ ಮೇಲೆಯೇ.

ಕೌದಿ ಒಬ್ಬಳ ಕೆಲಸವಲ್ಲ. ಈ ಕಡೆ ನೆಟ್ಟಿಗೆ, ಕೊಯ್ಲಿಗೆ ಹೇಗೆ ಮುಯ್ಯಿಯೋ ಕೌದಿಗೂ ಹಾಗೆ. ಇವತ್ತು ನೀನು ನನ್ನ ಜಗಲಿಗೆ ಬಂದು ಹೊಲಿದರೆ ನಾಳೆ ನಾನು ನಿನ್ನ ಜಗಲಿಗೆ ಬಂದು ಹೊಲಿಯುತ್ತೇನೆ. ಕೂಲಿಯ ಮಾತಿಲ್ಲ. ಬರುವವಳು ತನ್ನ ಸೂಜಿ ತರುತ್ತಾಳೆ, ಹೊಟ್ಟೆಗೆ ತುಂಬಲು ತನ್ನದೊಂದು ಬಟ್ಟೆಯ ತುಂಡೂ ತರುತ್ತಾಳೆ. ಮನೆಯವಳು ಚಾ, ಅವಲಕ್ಕಿ, ಎಲೆ ಅಡಿಕೆ ಕೊಡುತ್ತಾಳೆ. ಕರೆಯದೆ ಹೋಗುವಂತಿಲ್ಲ, ಕರೆದರೆ ತಪ್ಪಿಸುವಂತಿಲ್ಲ. ಮಾಸ್ತಮ್ಮನ ಜಗಲಿಗೆ ತಪ್ಪದೆ ಬರುತ್ತಿದ್ದವರು ವೆಂಕಮ್ಮ ಮತ್ತು ಅಂಗನವಾಡಿಯ ಸಹಾಯಕಿ ಯಶೋಧಾ. ವೆಂಕಮ್ಮ ಹಿರಿಯಳು, ವಿಧವೆ, ಬಾಯಿ ಖಾರ. ಅವಳ ಹೊಲಿಗೆ ಮಾತ್ರ ಇರುವೆ ಸಾಲಿನ ಹಾಗೆ ಬೀಳುತ್ತಿತ್ತು.

ಹೋದ ಬೇಸಿಗೆಯಲ್ಲಿ ರಂಜನಾ ಎಂಬಾಕೆ ಉಪ್ಪಿನಕಾಯಿಗೆ ಅಪ್ಪೆಮಿಡಿ ಹುಡುಕಿಕೊಂಡು ಕಾರಿನಲ್ಲಿ ಈ ಕೇರಿಗೆ ಬಂದಳು. ಸಾಗರದ ಕಡೆಯ ತೋಟದ ಮನೆಯ ಮಗಳು, ಮಂಡಗದ್ದೆಗೆ ಕೊಟ್ಟದ್ದು. ಅಲ್ಲಿ ಹೊಳೆಯ ಹತ್ತಿರ ಗಂಡ ಗಿರಿಧರನ ಜೊತೆ ಹೋಂಸ್ಟೇ ನಡೆಸುತ್ತಾಳೆ. ಹಕ್ಕಿ ನೋಡಲು ಬರುವವರು ಉಳಿದುಕೊಳ್ಳುತ್ತಾರೆ. ಬೇಲಿಯ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿ ಕಂಡು ಮಿಡಿಯನ್ನು ಮರೆತಳು.

"ಯಾರು ಹೊಲಿದದ್ದು ಇದು?"

"ನಾವೇ ಅಮ್ಮ."

"ಕೊಡ್ತೀರಾ?"

"ಎಂತ, ಹೊದ್ದಿದ್ದನ್ನಾ?"

"ಹೊಸದು ಹೊಲ್ಕೊಡಿ. ಪ್ರತಿ ರೂಮಿಗೆ ಒಂದು." ರಂಜನಾ ಒಂದು ಬೆಲೆ ಹೇಳಿದಳು. ಮಾಸ್ತಮ್ಮ ಹೂಂ ಅಂದಳು. ವ್ಯವಹಾರ ಅಷ್ಟೇ. ದುಡ್ಡಿನ ಗರಜು ಇರಲಿಲ್ಲ ಎಂದಲ್ಲ. ಮಗಳು ಲಿಖಿತಾ ಸಾಗರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಫೀಸು ತನ್ನ ಪಾಡಿಗೆ ಬರುತ್ತಲೇ ಇರುತ್ತದೆ. ಆದರೆ ಹೂಂ ಅನ್ನಿಸಿದ್ದು ಬೇರೆ. ಅವಳ ಹೊಲಿಗೆಗೆ ಬೆಲೆಯಿದೆ ಎಂದು ಅಷ್ಟು ವಯಸ್ಸಿನಲ್ಲಿ ಒಬ್ಬರು ಮೊದಲ ಸಲ ಬಾಯಿಬಿಟ್ಟು ಹೇಳಿದ್ದರು.

ಗಂಡ ನಿಂಗಪ್ಪ ಸಾಗರದ ಅಡಿಕೆ ಮಂಡಿಯಲ್ಲಿ ಹಮಾಲಿ. ಸಂಜೆ ಊಟಕ್ಕೆ ಕೂತವನು ಕೇಳಿದ, "ರೇಟು ಯಾರು ಹೇಳಿದ್ದು?"

"ಅವರೇ ಹೇಳಿದ್ರು."

"ಥೂ ನಿನ್ನ. ಮಂಡೀಲಿ ನಾವು ಮೂಟೆ ಮುಟ್ಟೋಕೆ ಮುಂಚೆ ಸಂಘದಲ್ಲಿ ಕೂತು ರೇಟು ಮಾತಾಡ್ತೀವಿ ಕಣೇ."

"ನಿಮ್ಮದು ಮೂಟೆ. ಇದು ಮನೇಲಿ ಕೂತು ಮಾಡೋದು, ಇದಕ್ಕೆಂತ ರೇಟು? ಸುಮ್ನೆ ಉಣ್ಣಿ."

ಮಾರನೆಯ ದಿನ ಕೇರಿಯಲ್ಲಿ ಹೇಳಿಬಂದಳು: ಕೌದಿ ಹಾಕೋದಿದೆ, ಬನ್ನಿ. ಎಂದಿನ ಹಾಗೆ, ಮುಯ್ಯಿಗೆ. ಯಾರಿಗೆ, ಎಂತಕ್ಕೆ ಎಂದು ಹೇಳಲಿಲ್ಲ. ಕೌದಿಯನ್ನು ಮಾರುತ್ತಾರೆ ಎಂಬುದು ಆ ಕೇರಿಯಲ್ಲಿ ಯಾರಿಗೂ ಹೊಳೆಯುವ ಸಂಗತಿಯಲ್ಲ. ಹಾಗಾಗಿ ಬಂದವರು ತಮಗೆ ತೋಚಿದ್ದನ್ನು ಅಂದುಕೊಂಡರು.

"ಇಷ್ಟೊಂದು ಕೌದಿ ಎಂತಕ್ಕೇ ಮಾಸ್ತಿ?" ವೆಂಕಮ್ಮ ದಾರ ಪೋಣಿಸುತ್ತ ಕೇಳಿದಳು. "ಲಿಖಿತಾಗೆ ಗಂಡು ಗೊತ್ತಾಯ್ತಾ? ನಮಗೊಂದು ಮಾತು ಹೇಳದೆ?"

"ಇಷ್ಟು ಕೌದಿಗೆ ಬರೀ ಗಂಡು ಸಾಲದು ವೆಂಕಕ್ಕ, ದಿಬ್ಬಣಾನೇ ಗೊತ್ತು ಮಾಡಿರ್ಬೇಕು," ಯಶೋಧಾ ಅಂದಳು.

"ಹುಡುಗ ನೌಕರಿಯವನಾ, ಇಲ್ಲ ನಮ್ಮ ನಿಂಗಪ್ಪನ ಥರ ಬೆನ್ನಿನವನಾ?"

ಎಲ್ಲರೂ ನಕ್ಕರು. ಮಾಸ್ತಮ್ಮನೂ ನಕ್ಕಳು. ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದಳು. ದಾರ ತುಂಡಾದ ಮೇಲೂ ಬಾಯಿ ಬಿಡಲಿಲ್ಲ. ಹೇಳಿದರೆ ಕೂಲಿಯ ಮಾತು ಬರುತ್ತದೆ, ಕೂಲಿಯ ಮಾತು ಬಂದರೆ ತನಗೆ ಉಳಿಯುವುದೆಷ್ಟು ಎಂಬ ಎಣಿಕೆ ಒಳಗೆ ಓಡಿತ್ತು. ದುಡ್ಡು ಬಂದಮೇಲೆ ಎಲ್ಲರಿಗೂ ಅಷ್ಟಿಷ್ಟು ಕೊಟ್ಟರಾಯಿತು ಎಂದುಕೊಂಡಳು. ಧಣಿಗಳೂ ಹೀಗೇ ಅಂದುಕೊಳ್ಳುವುದು.

ಮಾರನೆಯ ಮಧ್ಯಾಹ್ನ ವೆಂಕಮ್ಮ ಒಂದು ಹಸಿರು ನೂಲಿನ ಸೀರೆ ತಂದಳು. ಅವಳ ಮಕ್ಕಳೆಲ್ಲ ಹುಟ್ಟಿದಾಗ ಸುತ್ತಿದ ಸೀರೆ. ಒಗೆದು ಒಗೆದು ಬೆಣ್ಣೆಯ ಹಾಗಾಗಿತ್ತು.

"ಇದನ್ನ ಹೊಟ್ಟೆಗೆ ಹಾಕ್ಬೇಡ. ಮೈಗೆ ತಾಗೋ ಕಡೆ ಹಾಕು. ನಾಳೆ ಲಿಖಿತಾ ಬಾಣಂತಿ ಆದ್ರೆ ಕೂಸಿಗೆ ಚುಚ್ಚಬಾರ್ದು."

ಈಗಲಾದರೂ ಹೇಳಬೇಕಿತ್ತು. ಮಾಸ್ತಮ್ಮ ಸೀರೆ ಹಾಸಿದಳು, ನಾಲ್ಕು ಮೂಲೆ ಎಳೆದು ಸರಿಮಾಡಿದಳು, ಹೊಲಿಯತೊಡಗಿದಳು. ಕೌದಿಗಳು ಮುಗಿದವು. ರಂಜನಾಳ ಕಾರು ಬಂದು ಒಯ್ದಿತು. ಹೇಳಿದ ದುಡ್ಡು ಹೇಳಿದ ದಿನವೇ ಬಂತು. ಕಾರು ಕಂಡವರಿಗೆ ಮಾಸ್ತಮ್ಮ, "ನೆಂಟರು" ಅಂದಳು.

ಗುಟ್ಟು ರಟ್ಟಾದದ್ದು ಯಶೋಧಾಳ ಮೊಬೈಲಿನಲ್ಲಿ. ಅಂಗನವಾಡಿಯ ಮಕ್ಕಳು ಮಲಗಿದ ಹೊತ್ತಿಗೆ ಅದನ್ನು ಉಜ್ಜುತ್ತ ಕೂತವಳಿಗೆ ಮಂಡಗದ್ದೆಯ ಹೋಂಸ್ಟೇ ಒಂದರ ಫೋಟೊ ಕಂಡಿತು. ಸೀದಾ ವೆಂಕಮ್ಮನ ಅಂಗಳಕ್ಕೆ ಹೋದಳು.

"ವೆಂಕಕ್ಕ, ನಿಮ್ಮ ಸೀರೆ ಮಂಡಗದ್ದೆಗೆ ಹೋಗಿ ಮಲಗಿದೆ ನೋಡಿ."

ಮಂಚ, ಕಿಟಕಿಯಾಚೆ ಹೊಳೆ. ಮಂಚದ ಮೇಲೆ ಕಾಲುಚೀಲ ಹಾಕಿಕೊಂಡು ಕಾಲು ಚಾಚಿದ ಯಾರೋ ಗಂಡಸು. ಅವನ ಮೊಣಕಾಲ ಹತ್ತಿರ ಮಡಚಿದ ಕೌದಿಯ ಅಂಚು, ಹಸಿರು. ಕೆಳಗೆ ಬರೆದಿತ್ತು: ಮಲೆನಾಡಿನ ಅಜ್ಜಿಯರು ಬಿಡುವಿನಲ್ಲಿ ಪ್ರೀತಿಯಿಂದ ಹೊಲಿದ ಕೌದಿ, ಅತಿಥಿಗಳು ಕೊಳ್ಳಬಹುದು. ಬೆಲೆಯೂ ಇತ್ತು. ರಂಜನಾ ಮಾಸ್ತಮ್ಮನಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

"ಅಜ್ಜಿಯರಂತೆ. ನನ್ನನ್ನೂ ಸೇರ್ಸಿ," ಯಶೋಧಾ ಅಂದಳು. "ಬಿಡುವಂತೆ. ಯಾವತ್ತು ಕೊಟ್ಟಿದ್ರು ನಮಗೆ ಬಿಡುವು?"

ವೆಂಕಮ್ಮ ಫೋಟೊ ನೋಡಿದಳು. ಎಲೆ ಅಡಿಕೆ ಉಗಿದು ಒಳಗೆ ಹೋದಳು.

ಸುದ್ದಿ ತಿಳಿದು ಮಾಸ್ತಮ್ಮ ದುಡ್ಡು ಪಾಲು ಹಾಕಿಕೊಂಡು ಹೊರಟಳು. ಯಶೋಧಾ ಬೈದಳು, ಬೈದು ತೆಗೆದುಕೊಂಡಳು. ವೆಂಕಮ್ಮ ಹಿತ್ತಿಲಲ್ಲಿ ಕಟ್ಟಿಗೆ ಒಟ್ಟುತ್ತಿದ್ದಳು. ಚಾಚಿದ ಕೈಯನ್ನು ನೋಡಿ ಕೇಳಿದಳು, "ಎಂತದು?"

"ನಿನ್ನ ಕೂಲಿ, ವೆಂಕಕ್ಕ."

"ನಾನು ಯಾವಾಗ ಬಂದಿದ್ದೆ ಕೂಲಿಗೆ?"

"ತಪ್ಪಾಯ್ತು. ಸಿಟ್ಟು ಮಾಡ್ಬೇಡ. ಅಷ್ಟೂ ತಗೋ ಬೇಕಾದ್ರೆ, ನನ್ನ ಪಾಲೂ."

"ಸಿಟ್ಟು ಎಂತಕ್ಕೆ? ಮಾರೋದು ತಪ್ಪು ಅಂದ್ನಾ ನಾನು? ಮಾರು. ಕೈ ಇದೆ, ಮಾರ್ಬೇಕು." ವೆಂಕಮ್ಮ ಒಂದು ಸೌದೆ ಎತ್ತಿ ಇನ್ನೊಂದರ ಮೇಲೆ ಕೂರಿಸಿದಳು. "ಕೂಲಿಗೆ ಅಂದಿದ್ರೆ ಕೂಲಿಗೆ ಬರ್ತಿದ್ದೆ. ಬರೋಕೆ ಮುಂಚೆ ನನ್ನ ರೇಟು ಹೇಳ್ತಿದ್ದೆ. ಒಪ್ಪಿದ್ರೆ ಬರ್ತಿದ್ದೆ, ಇಲ್ದಿದ್ರೆ ಇಲ್ಲ. ಈ ದುಡ್ಡು ಎಷ್ಟು ಅಂತ ಯಾರು ಹೇಳಿದ್ದು?"

"ನಾನೇ... ಲೆಕ್ಕ ಹಾಕ್ದೆ."

"ಅಲ್ಲಾ, ನನ್ನ ಕೈಗೆ ನೀನು ಬೆಲೆ ಕಟ್ಟಿದ್ದು. ಆ ಮಂಡಗದ್ದೆಯೋಳು ನಿನ್ನ ಕೈಗೆ ಕಟ್ಟಿದ ಹಾಗೆ. ಒಯ್ದು ಒಲೆಗೆ ಹಾಕು. ಸೀರೆ ತಂದ್ಕೊಡು, ಸಾಕು."

ಮಾಸ್ತಮ್ಮ ದುಡ್ಡು ಹಿಡಿದುಕೊಂಡು ವಾಪಸು ಬಂದಳು. ದಾರಿಯುದ್ದಕ್ಕೂ ಅವಳಿಗೆ ನೆನಪಾದದ್ದು ತನ್ನದೇ ಹೂಂ. ರಂಜನಾ ಬೆಲೆ ಹೇಳಿದಾಗ ಖುಷಿಯಾಗಿತ್ತಲ್ಲ, ಆ ಹೂಂ. ಅದರೊಳಗೆ ತನ್ನ ಕೈ ಇರಲಿಲ್ಲ ಎಂದು ಆಗ ಗೊತ್ತಾಗಿರಲಿಲ್ಲ. ಮುಯ್ಯಿಯಲ್ಲಿ ದುಡ್ಡಿಲ್ಲ, ಆದರೆ ತಕ್ಕಡಿ ಇದೆ: ನೀನು ಕೂತಷ್ಟು ಹೊತ್ತು ನಾನೂ ಕೂರುತ್ತೇನೆ. ಕೂಲಿಯಲ್ಲಿ ಪ್ರೀತಿಯಿಲ್ಲದಿದ್ದರೂ ಮಾತಿದೆ: ಇಷ್ಟಕ್ಕೆ ಇಷ್ಟು. ಅವಳು ತಕ್ಕಡಿಯನ್ನೂ ಇಟ್ಟಿರಲಿಲ್ಲ, ಮಾತನ್ನೂ ಆಡಿರಲಿಲ್ಲ.

ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಶಿವಮೊಗ್ಗದ ಬಸ್ಸು ಹಿಡಿದು ಮಂಡಗದ್ದೆಯಲ್ಲಿ ಇಳಿದಳು. ರಂಜನಾ ಕಾಫಿ ಕೊಟ್ಟಳು, ಮರ್ಯಾದೆಯಿಂದಲೇ ಕೂರಿಸಿದಳು. ಹಸಿರು ಅಂಚಿನ ಕೌದಿ ಕೇಳಿದಾಗ ಅವಳ ಮುಖ ಸಣ್ಣದಾಯಿತು.

"ಅದು ಹೋಯ್ತಲ್ಲ ಮಾಸ್ತಮ್ಮ. ಪುಣೆಯವರು ತಗೊಂಡ್ರು. ಮುಟ್ಟಿದ್ದೇ, ಇದೇ ಬೇಕು ಅಂದ್ರು."

"ವಾಪಸ್ ತರ್ಸೋಕೆ ಆಗುತ್ತಾ?"

"ಹೇಗೆ ಕೇಳ್ಲಿ? ನಂಗೆ ಗೊತ್ತಿರ್ಲಿಲ್ಲ. ನೀವು ಹೇಳಿದ್ದಕ್ಕಿಂತ ಒಂದು ರೂಪಾಯಿ ಕಮ್ಮಿ ಕೊಟ್ಟಿದ್ದೇನಾ ನಾನು?"

"ನಾನು ಹೇಳ್ಲೇ ಇಲ್ಲ ಅಮ್ಮ. ನೀವು ಹೇಳಿದ್ರಿ, ನಾನು ಹೂಂ ಅಂದೆ."

"ನೀವು ಕೇಳಬಹುದಿತ್ತು."

"ಕೇಳಬಹುದಿತ್ತು. ನೀವೂ ಕೇಳಬಹುದಿತ್ತು."

ಒಳಗಿನಿಂದ ಗಿರಿಧರ ಏನೋ ಕೂಗಿದ. "ಬತ್ತೆ, ಒಂದ್ನಿಮಿಷ," ಎಂದು ರಂಜನಾ ಎದ್ದಳು. "ಮಳೆಗಾಲ ಮುಗಿದ್ಮೇಲೆ ಇನ್ನಷ್ಟು ಬೇಕಾಗ್ತದೆ. ಅದೇ ರೇಟಿಗೆ ಮಾಡ್ತೀರಲ್ಲ?"

"ಇಲ್ಲಮ್ಮ. ಹೊಲಿಯೋರೆಲ್ಲ ಕೂತು ಮಾತಾಡಿ ರೇಟು ಹೇಳ್ತೀವಿ. ಅಜ್ಜಿ ಅಂತ ಬರೀಬೇಡಿ, ಹೆಸರು ಬರೀರಿ."

"ಯೋಚನೆ ಮಾಡಿ ಫೋನ್ ಮಾಡ್ತೇನೆ" ಅಂದಳು ರಂಜನಾ. ಮಳೆಗಾಲ ಮುಗಿದಿದೆ. ಫೋನು ಬಂದಿಲ್ಲ.

ಸೀರೆ ಹೋಯಿತು, ಬರುವುದಿಲ್ಲ. ಮಾಸ್ತಮ್ಮ ಇದನ್ನು ವೆಂಕಮ್ಮನ ಬೇಲಿಯಾಚೆ ನಿಂತು ಹೇಳಿದಳು. ವೆಂಕಮ್ಮ ಕೇಳಿಸಿಕೊಂಡು ತನ್ನ ಕೆಲಸಕ್ಕೆ ತಿರುಗಿದಳು. ಆಮೇಲೆ ಮಾಸ್ತಮ್ಮನ ಜಗಲಿಯಲ್ಲಿ ಕೌದಿ ಹಾಸಲಿಲ್ಲ. ಕರೆದರೆ ತಪ್ಪಿಸುವಂತಿಲ್ಲ ಎಂಬ ಕಟ್ಟಳೆಯಿದೆಯಲ್ಲ, ಅದನ್ನು ಹಿಡಿದು ವೆಂಕಮ್ಮನನ್ನು ಎಳೆತರುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ವೆಂಕಮ್ಮನ ಬೇಲಿಯ ತುಂಬ ಹಳೆ ಸೀರೆ ಒಣಗಿದವು. ಅವಳ ಮಗಳು ಬಸುರಿ, ಕೌದಿ ಆಗಬೇಕು. ಕೇರಿಯಲ್ಲೆಲ್ಲ ಕರೆದಳು, ಮಾಸ್ತಮ್ಮನ ಮನೆ ಬಿಟ್ಟು. ಕರೆಯದೆ ಹೋಗುವಂತಿಲ್ಲ. ಮಾಸ್ತಮ್ಮ ಒಲೆಯ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. "ಹೋಗೋದಾದ್ರೆ ಹೋಗು, ಅನ್ನ ಸೀಯಿಸ್ಬೇಡ," ನಿಂಗಪ್ಪ ಅಂದ. ಸೂಜಿ ತೆಗೆದುಕೊಂಡು ಹೊರಟಳು.

ವೆಂಕಮ್ಮನ ಜಗಲಿಯಲ್ಲಿ ಕೂತವರು ಅವಳತ್ತ ತಿರುಗಿದರು.

"ಕರೆದಿದ್ನಾ?" ವೆಂಕಮ್ಮ ತಲೆ ಎತ್ತಲಿಲ್ಲ.

"ಇಲ್ಲ."

"ಮತ್ತೆ?"

"ನಿನ್ನ ರೇಟು ಕೇಳೋಕೆ ಬಂದೆ. ಅವತ್ತೇ ಕೇಳ್ಬೇಕಿತ್ತು. ಆ ಕೌದಿಗಳಿಗೆ ನೀನು ಎಷ್ಟು ಹೇಳ್ತೀಯೋ ಅಷ್ಟು."

"ಜಾಸ್ತಿ ಹೇಳಿದ್ರೆ?"

"ಹೊಲ್ದು ತೀರಿಸ್ತೀನಿ."

ಯಶೋಧಾ ಕಿಸಕ್ಕೆಂದಳು. ವೆಂಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ಯೋಚನೆ ಮಾಡ್ತಿದೀನಿ. ಕೇಳೋಕೆ ನೀನು ಇಷ್ಟು ತಿಂಗಳು ತಗೊಂಡೆ, ಹೇಳೋಕೆ ನಂಗೂ ಟೈಮು ಬೇಕು. ಅಲ್ಲೀವರೆಗೂ ಬಾಕಿ ಇರ್ಲಿ." ಸ್ವಲ್ಪ ಸರಿದು ಜಾಗ ಮಾಡಿದಳು. "ಆ ಕಡೆ ಯಶೋಧಾ ಹೊಲ್ದಿದ್ದು ಓರೆ ಆಗಿದೆ. ಬಿಚ್ಚಿ ಸರಿ ಮಾಡು."

ಮಾಸ್ತಮ್ಮ ಕೂತು ಬಿಚ್ಚತೊಡಗಿದಳು. ರೇಟು ಇನ್ನೂ ಹೊರಬಿದ್ದಿಲ್ಲ. ಹೊರಬೀಳುವ ತನಕ ಅವಳು ಆ ಅಂಗಳದಲ್ಲಿ ಸಾಲಗಾರ್ತಿಯೇ.

ಇನ್ನು ನಿಮ್ಮದು. ನಿಮ್ಮ ಮಂಚದ ಮೇಲೆ ಯಾರೋ ಹೊಲಿದ ಕೌದಿ ಇದೆ, ನಿಮ್ಮ ಸೀರೆಗೆ ಯಾರೋ ಹಚ್ಚಿದ ಫಾಲ್ಸಿದೆ, ನಿಮ್ಮ ಮಗುವನ್ನು ಯಾರೋ ಬೆಚ್ಚಗೆ ಸುತ್ತಿದ್ದಾರೆ. ಮನೆಯಲ್ಲಿ ಕೂತು ಮಾಡುವುದು ತಾನೇ ಎಂದು ನೀವೇ ಒಂದು ಬೆಲೆ ಹೇಳಿ ಕೈ ತೊಳೆದುಕೊಂಡಿದ್ದೀರಿ, ಅದೂ ಕೊಟ್ಟಿದ್ದರೆ. ಅವಳ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಅವಳ ರೇಟು ಕೇಳಿ. ಅವಳು ಯೋಚಿಸುವಷ್ಟು ಹೊತ್ತು ಕಾಯಿರಿ. ಚೌಕಾಸಿ ಮಾಡದೆ ಕೊಡಿ. ಯಾವತ್ತು ಹೋಗುತ್ತೀರಿ?