ಇಪ್ಪತ್ತಮೂರು ಮುರುಕು ಬೆಂಚುಗಳ ಹೊಣೆ

ಜೂನ್ ಮೂರನೇ ವಾರ, ನಮ್ಮ ಶಾಲೆ ಪರಿಸರಸ್ನೇಹಿಯಾಗಬೇಕೆಂದು ಸುತ್ತೋಲೆ ಬಂತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬದಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನಾಗ ಗಣಿತದ ಅತಿಥಿ ಶಿಕ್ಷಕ. ಅತಿಥಿ ಎಂದರೆ ಬೇರೆಯವರು ಒಲ್ಲದ ಕೆಲಸಗಳನ್ನೆಲ್ಲ ಆತಿಥ್ಯವಾಗಿ ಪಡೆಯುವವನು. "ದಿನಾ ಏನೋ ಬರ್ಕೊಳ್ತಿರ್ತೀಯಲ್ಲಪ್ಪ, ಇದನ್ನೂ ಬರ್ಕೋ" ಎಂದು ಮುಖ್ಯೋಪಾಧ್ಯಾಯರು ವಿದ್ಯುತ್ ಉಳಿತಾಯವನ್ನು ನನ್ನ ತಲೆಗೆ ಕಟ್ಟಿದರು.

ಮರುದಿನವೇ ಎಣಿಸಿದೆ. ಟ್ಯೂಬ್‌ಲೈಟ್ ಹದಿನಾರು. ಫ್ಯಾನ್ ಒಂಬತ್ತು, ತಿರುಗುವುದು ಆರು. ಕೊಠಡಿಗಳೂ ಆರು, ಐದರಲ್ಲಿ ಬೆಳಕು ಧಾರಾಳ. ಹತ್ತನೇ ತರಗತಿ ನಡೆಯುವ ಆರನೆಯದರಲ್ಲಿ ಮಾತ್ರ ಮಟಮಟ ಮಧ್ಯಾಹ್ನವೂ ದೀಪ ಬೇಕು. ಕಿಟಕಿ ಮೂರಿದ್ದವು, ಮೂರಕ್ಕೂ ಅಡ್ಡವಾಗಿ ಮುರುಕು ಬೆಂಚುಗಳನ್ನು ಸೂರಿನವರೆಗೆ ಪೇರಿಸಿದ್ದರು. ಒಟ್ಟು ಇಪ್ಪತ್ತಮೂರು. ಅವುಗಳಲ್ಲಿ ನಾಲ್ಕೂ ಕಾಲಿರುವುದು ಸೊನ್ನೆ.

ಇವನ್ನು ತೆಗೆದರೆ ಹಗಲು ದೀಪವೇ ಬೇಡ ಎಂದು ವರದಿ ಕೊಟ್ಟೆ. ಮುಖ್ಯೋಪಾಧ್ಯಾಯರು ದಾಸ್ತಾನು ಪುಸ್ತಕ ತೆರೆದರು. "ನೋಡಪ್ಪ, ಕೊಠಡಿ ಆರು ಅಂತ ಬರ್ದಿದೆ. ಹರಾಜಿಗೆ ಮಂಜೂರಾತಿ ಬರೋವರ್ಗೂ ಅಲ್ಲೇ ಇರ್ಬೇಕು. ಹೊರಗಿಟ್ಟು ಒಂದು ಕಳೆದೋದ್ರೆ ಯಾರಪ್ಪ ಹೊಣೆ?" ಮಂಜೂರಾತಿ ಕೇಳಿ ಎಷ್ಟು ದಿನವಾಯಿತು ಎಂದೆ. ಅವರಿಗಿಂತ ಹಿಂದಿದ್ದವರು ಕೇಳಿದ್ದರಂತೆ.

ಆದರೂ ವಿದ್ಯುತ್ ಉಳಿಯಲೇಬೇಕಲ್ಲ. ಆರನೇ ಕೊಠಡಿಯ ಟ್ಯೂಬ್‌ಗಳನ್ನು ಬಿಚ್ಚಿಸಿ ಬೀರುವಿಗೆ ಸೇರಿಸಿದರು. ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ 'ಬೆಳಕು ಉಳಿಸಿ' ಎಂದು ಬರೆಸಿದರು. ಉಳಿಯಿತು, ಕೊಠಡಿಯ ಹೊರಗೆ.

ಆ ಕೊಠಡಿಯ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳು 'ಅಬ್ಬಾ' ಎಂದು ಕರೆಯುವ ತಂದೆ ರೇಷ್ಮೆ ಫಿಲೇಚರ್‌ನಲ್ಲಿ ಗೂಡಿನಿಂದ ನೂಲು ತೆಗೆಯುವವರು. ಹುಡುಗಿ ಲೆಕ್ಕದಲ್ಲಿ ತರಗತಿಗೇ ಮೊದಲು, ಎತ್ತರದಲ್ಲೂ. ಮುಂದೆ ಕೂರಿಸಿದರೆ ಹಿಂದಿನ ಮೂವರಿಗೆ ಬೋರ್ಡು ಮಾಯ. ಟ್ಯೂಬ್ ಹೋದ ಮೇಲೆ ಅವಳು ತಪ್ಪಾಗಿ ಇಳಿಸಿಕೊಂಡ ಲೆಕ್ಕಗಳನ್ನು ಬರೆದಿಟ್ಟೆ: ಮೊದಲ ವಾರ ನಾಲ್ಕು, ಎರಡನೇ ವಾರ ಒಂಬತ್ತು. ಮೂರನೇ ವಾರ ಕಿರುಪರೀಕ್ಷೆಯಲ್ಲಿ ನಪಾಸಾದಳು.

"ಸಾರ್, ಮೂರೋ ಎಂಟೋ ಕಾಣ್ಸೋದೇ ಇಲ್ಲ. ಇನ್ನೊಂದ್ಸಲ ಫೇಲಾದ್ರೆ ಅಬ್ಬಾ ಸ್ಕೂಲ್ ಬಿಡಿಸ್ತೀನಿ ಅಂದವ್ರೆ."

ಆಗಸ್ಟ್‌ನಲ್ಲಿ ಪರಿಶೀಲನೆಗೆ ಅಧಿಕಾರಿ ಬಂದರು. ಉಳಿತಾಯವನ್ನು ಮನಸಾರೆ ಹೊಗಳಿದರು. ಆರನೇ ಕೊಠಡಿಯಲ್ಲಿ ಫೋಟೊ ಮಾತ್ರ ಬರಲಿಲ್ಲ. "ಏನ್ರೀ ಇದು, ಗುಹೆ ಥರ! ಮೊದ್ಲು ಆ ಸಾಮಾನು ಆಚೆ ಹಾಕ್ಸಿ."

ವರ್ಷಗಳಿಂದ ಅಲುಗಾಡದ ಬೆಂಚುಗಳು ಒಂಬತ್ತು ನಿಮಿಷದಲ್ಲಿ ಜಗುಲಿಗೆ ಬಂದವು. ಕಿಟಕಿ ತೆರೆಯಿತು. ಹುಡುಗಿ ಕೂತಲ್ಲಿಂದಲೇ ಬೋರ್ಡಿನ ಲೆಕ್ಕ ಪೂರ್ತಿ ಓದಿದಳು. ನಾನು ಬರೆದಿದ್ದ ಒಂದು ತಪ್ಪನ್ನೂ ಅಧಿಕಾರಿಯ ಎದುರೇ ತೋರಿಸಿದಳು. ಫೋಟೊ ಆಯಿತು, ಜೀಪು ಹೊರಟಿತು.

"ಸರಿ, ಎಲ್ಲಾ ಒಳಗಿಡ್ರಪ್ಪ" ಎಂದರು ಮುಖ್ಯೋಪಾಧ್ಯಾಯರು.

"ಮಳ್ಳೀ, ತಿರ್ಗಾ ಒಳಕ್ಕಾ ಸಾರ್?" ಎಂದು ಜವಾನ ಸೊಂಟ ಹಿಡಿದುಕೊಂಡ.

ನಾನು ದಾಸ್ತಾನು ಪುಸ್ತಕ ಕೇಳಿ ತರಿಸಿಕೊಂಡೆ. 'ಕೊಠಡಿ ಆರು' ಎಂಬುದನ್ನು ಹೊಡೆದು, 'ಜಗುಲಿ. ಹೊಣೆ ಅತಿಥಿ ಶಿಕ್ಷಕರದು' ಎಂದು ಬರೆದು ಸಹಿ ಹಾಕಿದೆ.

"ಯೋಚ್ನೆ ಮಾಡಪ್ಪ. ಒಂದು ಕಮ್ಮಿ ಆದ್ರೂ ಮಾರ್ಚಲ್ಲಿ ನಿಂಗೆ ಅನುಭವ ಪತ್ರ ಕೊಡಲ್ಲ" ಎಂದರು. ಆದರೆ ಪುಸ್ತಕವನ್ನು ಬಲು ಬೇಗ ಮುಚ್ಚಿದರು.

ಅಂದಿನಿಂದ ಪ್ರಾರ್ಥನೆಗೆ ಮೊದಲು ಜಗುಲಿಯ ಬೆಂಚುಗಳನ್ನು ಎಣಿಸಿ ಒಳಗೆ ಹೋಗುತ್ತಿದ್ದೆ. ಆ ವಾರ ಹುಡುಗಿಯ ತಪ್ಪುಗಳು ಎರಡು. ಎರಡೂ ಕತ್ತಲೆಯವಲ್ಲ, ಅವಳವೇ.