ಮರಿಯಂ ಹೆಸರಿಗೆ ಆಮೀನ್

ಹೊನ್ನಾಳಿಯ ಖಾಜಾಸಾಬರು ಸತ್ಯಹರಿಶ್ಚಂದ್ರನ ತುಂಡೇನೂ ಅಲ್ಲ. ಎತ್ತುಗಳಿಗೆ ಲಾಳ ಕಟ್ಟುವ ಕಸುಬು. ‘ನಾಳೆ ಬರ್ರಿ’ ಎಂದು ಸಾಸ್ವೆಹಳ್ಳಿಯ ರೈತರನ್ನು ವಾರಗಟ್ಟಲೆ ಅಲೆಸಿದ ಪುಣ್ಯಾತ್ಮರೇ. ಆದರೆ ಮಸೀದಿಯೊಳಗೆ ಕೂತು ನೂರು ಜನರನ್ನು ಏಮಾರಿಸಿದ್ದು ಮಾತ್ರ ಆಯುಷ್ಯದಲ್ಲಿ ಒಂದೇ ಸಲ, ೧೯೩೩ರ ಮಳೆಗಾಲದಲ್ಲಿ.

ಪಂಚಾಕ್ಷರಪ್ಪನವರ ಜವಳಿ ಅಂಗಡಿಗೆ ಪೇಪರು ಬರುತ್ತಿತ್ತು. ಅವರು ಗಟ್ಟಿಯಾಗಿ ಓದಬೇಕು, ಜಗಲಿಯ ಮೇಲಿದ್ದವರು ಕೇಳಬೇಕು, ಅದು ರೂಢಿ. ಅಂದು ಓದಿದ್ದು ಇರಾಕಿನ ಸುದ್ದಿ. ಅಲ್ಲಿ ಅಸ್ಸೀರಿಯನ್ನರೆಂಬ ಕ್ರೈಸ್ತರಿದ್ದಾರಂತೆ, ಬೆರಳೆಣಿಕೆಯ ಜನ. ಅವರ ಹಳ್ಳಿಗಳ ಮೇಲೆ ಆ ದೇಶದ ಸೈನ್ಯವೇ ಬಿದ್ದು ಸಿಕ್ಕಸಿಕ್ಕ ಗಂಡಸರನ್ನು ಕೊಂದಿತಂತೆ. ‘ಎಲ್ಲಿಯ ಇರಾಕು, ಎಲ್ಲಿಯ ಹೊನ್ನಾಳಿ, ಬಿಡ್ರಿ’ ಎಂದು ಯಾರೋ ಮಳೆಯ ಮಾತಿಗೆ ಹೊರಳಿದರು. ಖಾಜಾಸಾಬರು ಮಾತ್ರ ಮುಖ ಬಾಡಿಸಿಕೊಂಡು ಎದ್ದು ಹೋದರು.

ಮೊದಲ ಮಹಾಯುದ್ಧದಲ್ಲಿ ಅವರು ದಂಡಿನ ಹೇಸರಗತ್ತೆಗಳಿಗೆ ಲಾಳ ಕಟ್ಟಲೆಂದು ಅದೇ ದೇಶಕ್ಕೆ ಹೋಗಿದ್ದರು. ಊರು ಬಿಟ್ಟು ಓಡಿಬಂದ ಆ ಕ್ರೈಸ್ತರು ಬಾಕುಬಾ ಎಂಬಲ್ಲಿ ಸಾವಿರಾರು ಮಂದಿ ಡೇರೆ ಹಾಕಿಕೊಂಡಿದ್ದರು. ಒಂದು ಹೇಸರಗತ್ತೆ ಒದ್ದ ಒದೆಗೆ ಖಾಜಾಸಾಬರ ಎರಡು ಪಕ್ಕೆಲುಬು ಮುರಿದವು. ಹೆತ್ತವರಿಲ್ಲ, ಹೊತ್ತವರಿಲ್ಲ, ಭಾಷೆಯೂ ಬಾರದು. ಆಗ ಮರಿಯಂ ಎಂಬ ವಿಧವೆ ಇಪ್ಪತ್ತು ದಿನ ಬಿಸಿ ಮಜ್ಜಿಗೆಯ ಸಾರು ತಂದು ಕುಡಿಸಿದಳು. ಅವಳ ಮಾವ ಯಾಕೂಬ್ ಇವರನ್ನು ಎತ್ತಿ ಕೂರಿಸುತ್ತಿದ್ದ, ಮಗ ಯೂಸುಫ್ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದ. ಅವರಿಗೇ ತಿನ್ನಲು ಗತಿಯಿರಲಿಲ್ಲ, ನೋಡಿ!

ಶುಕ್ರವಾರದ ನಮಾಜಿಗೆ ಮುಂಚೆ ಕಾಯಿಲೆಯವರ, ಕಷ್ಟದಲ್ಲಿದ್ದವರ ಹೆಸರನ್ನು ಇಮಾಮರಿಗೆ ಹೇಳಿದರೆ ಅವರು ದುವಾದಲ್ಲಿ ಸೇರಿಸುತ್ತಿದ್ದರು. ಖಾಜಾಸಾಬರು ಹೋಗಿ, “ಮರಿಯಂ, ಯಾಕೂಬ್, ಯೂಸುಫ್. ದೂರದೇಶದಾಗೆ ಕಷ್ಟದಾಗವ್ರೆ, ಹಜರತ್” ಎಂದರು, ಅಷ್ಟೆ. ಮೂರೂ ಹೆಸರು ಹೊನ್ನಾಳಿಯ ಓಣಿಯಲ್ಲೂ ಇದ್ದವು. ಯಾರಿಗೆ ಅನುಮಾನ ಬರಬೇಕು? ಇಡೀ ಮಸೀದಿ ಆಮೀನ್ ಅಂದಿತು. ಮುಂದಿನ ಎರಡು ವಾರವೂ ಅಂದಿತು.

ಸುದ್ದಿ ಮನೆ ಮುಟ್ಟಲು ಎಷ್ಟು ಹೊತ್ತು? ಹೆಂಡತಿ ಸೈದಾಬೀ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

“ಯಾರ್ರೀ ಆ ಮರಿಯಂ? ದಂಡಿಗೆ ಹೋದಾಗ ಅಲ್ಲೊಂದು ಸಂಸಾರ ಹೂಡಿ ಬಂದಿದ್ರೇನು?”

ಖಾಜಾಸಾಬರು ಒಂದನ್ನೂ ಬಚ್ಚಿಡದೆ ಹೇಳಿದರು. ಸೈದಾಬೀಯ ದನಿ ಇಳಿಯಿತು.

“ಸಾಯೋ ಗಂಡನ್ನ ಉಳಿಸಿಕೊಟ್ಟ ಕೈ ಅದು. ದುವಾ ಕೇಳಿದ್ದು ತಪ್ಪಲ್ಲ. ಕದ್ದು ಕೇಳಿದ್ದು ತಪ್ಪು.”

“ನಿಜ ಹೇಳಿದ್ರೆ ಯಾರೂ ಆಮೀನ್ ಅನ್ನಲ್ಲ ಕಣೆ.”

“ಗೊತ್ತಿಲ್ದೆ ಅಂದ ಆಮೀನು ಅವರದ್ದು ಹೆಂಗಾಗತೈತೆ?”

ಈ ಮಾತು ಅವರನ್ನು ಕೊರೆಯಿತು. ಹೇಳಿದರೆ ಮರಿಯಮಳಿಗೆ ಸಿಗುತ್ತಿದ್ದ ದುವಾ ತಪ್ಪುತ್ತದೆ, ಹೇಳದಿದ್ದರೆ ಅದು ಕಳ್ಳಮಾಲು. ವಾರವೆಲ್ಲ ಅನ್ನ ರುಚಿಸಲಿಲ್ಲ, ಲಾಳದ ಮೊಳೆಗಳು ಸೊಟ್ಟ ಹೋದವು.

ನಾಲ್ಕನೆಯ ಶುಕ್ರವಾರ, ಇಮಾಮರು ದುವಾಕ್ಕೆ ಕೈಯೆತ್ತುವ ಮೊದಲೇ ಖಾಜಾಸಾಬರು ಎದ್ದು ನಿಂತರು. “ಆ ಮೂವರು ಕ್ರಿಸ್ತಾನರು. ಮೋಸ ಮಾಡಿ ನಿಮ್ಮಿಂದ ಆಮೀನ್ ಅನ್ನಿಸಿದೆ. ಮಾಫ್ ಮಾಡ್ರಿ. ಆದ್ರೆ ದಂಡಿನಾಗೆ ಬಿದ್ದಾಗ ಸಾರು ಕುಡಿಸಿ ನನ್ನ ಉಳಿಸಿದೋರು ಅವರು. ಅವರಿಗೆ ದುವಾ ಬೇಕು. ಇವತ್ತು ತಿಳಿಸಿಯೇ ಕೇಳತಾ ಇದೀನಿ.”

ಹತ್ತು ಗಾಡಿಗಳ ಒಡೆಯ ಮಂಜೂರ್ ಸಾಹೇಬರು ಧಡಕ್ಕನೆ ಎದ್ದರು. “ನಮ್ಮೋರ ಕಷ್ಟಕ್ಕೇ ದುವಾ ಸಾಲದಾಗೈತೆ. ಮಸೀದಿಯಾಗೆ ಸುಳ್ಳಾಡೋ ಧೈರ್ಯ ಹೆಂಗೆ ಬಂತು ನಿನಗೆ?” ಎಂದವರೇ ಹೊರನಡೆದರು. ಆಮೇಲೆ ಅವರ ಎತ್ತುಗಳು ಲಾಳ ಕಟ್ಟಿಸಿಕೊಂಡದ್ದು ನ್ಯಾಮತಿಯಲ್ಲೇ. ಅವರ ಬೆನ್ನಿಗೇ ಸಾಲುಸಾಲಾಗಿ ಜನ ಎದ್ದರು. ತಪ್ಪು ಅವರದ್ದೂ ಅಲ್ಲ ಬಿಡಿ. ಮೋಸ ಹೋದವನಿಗೆ ಸಿಟ್ಟು ಬರುವುದಿಲ್ಲವೆ?

ಮುದಿ ಇಮಾಮರು ಹೇಳಿದರು: “ಆ ಹೆಣ್ಣುಮಗಳ ಕೈಯಿಂದ ಉಂಡೋರು ನೀವು. ನೀವೇ ಕೇಳ್ರಿ.”

ಖಾಜಾಸಾಬರು ಕೈಗಳನ್ನು ಎತ್ತಿದರು. “ಯಾ ಅಲ್ಲಾ, ಹೊಡೆದೋರು ನಮ್ಮೋರು. ಅದಕ್ಕೇ ಮುಖ ಎತ್ತಾಕೆ ಆಗವಲ್ದು. ಮರಿಯಂ ಬದುಕಿದ್ರೆ ಕಾಪಾಡು. ಹೋಗಿದ್ರೆ ನಿನ್ನ ಹತ್ರ ಕೂರಿಸ್ಕೊ. ಆಕೆ ಯಾವ ಹೆಸರು ಹಿಡಿದು ಕರೆದ್ರೂ ಓ ಅನ್ನು.”

ಆಮೀನ್ ಎಂಬ ದನಿಗಳು ಒಂದೊಂದಾಗಿ ಬಂದವು. ಏಳು. ಮೂರು ವಾರ ನೂರು ದನಿ ಕೇಳಿ ಒಳಗೊಳಗೇ ಕುಗ್ಗಿದ್ದ ಮನುಷ್ಯ ಅಂದು ಏಳೇ ದನಿ ಕೇಳಿ ಅತ್ತುಬಿಟ್ಟರು.

ಮನೆಗೆ ಬಂದು ಆ ಏಳು ಜನರ ಹೆಸರನ್ನು ಒಂದೊಂದಾಗಿ ಸೈದಾಬೀಗೆ ಹೇಳಿದರು. ಅವಳು ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡಳು.

“ನನ್ನನ್ನ ಬಿಟ್ರಲ್ರೀ,” ಎಂದಳು. “ಎಂಟು.”